ಚೌಳು ಮಣ್ಣಿನ ಹೊಸ ಬ್ಯಾಕ್ಟೀರಿಯಾಗಳು: ಹುಡುಕುವ ಬಗೆ, ಹೆಸರಿಡುವ ಬಗೆ, ರೈತರಿಗೆ ಅವುಗಳಿಂದಾಗುವ ಉಪಯೋಗ

ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ರೈತ ಬಾಂಧವರಿಗೆ ಚೌಳು ಎಂಬ ಮಾತನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಕೆರೆಯ ಏರಿಯ ಕೆಳಗಿನ ತಗ್ಗು ಗದ್ದೆ, ಕಾಲುವೆಯ ಬಸಿನೀರು ನಿಲ್ಲುವ ಮೂಲೆ, ವರ್ಷಾನುಗಟ್ಟಲೆ ಸವುಳು ನೀರನ್ನೇ ಕುಡಿದ ಕಪ್ಪು ಹೊಲ, ಇಂತಹ ಕಡೆಗಳಲ್ಲಿ ಬೇಸಿಗೆ ಬಂತೆಂದರೆ ನೆಲದ ಮೇಲೆ ಬಿಳಿಯ ಪೊರೆ ಕಾಣಿಸಿಕೊಳ್ಳುತ್ತದೆ. ಬಿತ್ತಿದ ಬೀಜ ಅಲ್ಲೊಂದು ಇಲ್ಲೊಂದು ಮೊಳೆಯುತ್ತದೆ. ಮಳೆಯಾದರೆ ನೀರು ಇಂಗದೆ ರಾಡಿಯಾಗಿ ನಿಲ್ಲುತ್ತದೆ. "ಈ ತುಂಡು ಸತ್ತು ಹೋಗಿದೆ" ಎಂದು ಅದನ್ನು ಬೀಳು ಬಿಡುವುದು ರೂಢಿ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ತುಂಡು ಸತ್ತಿರುವುದಿಲ್ಲ. ಬೆಳೆಗೆ ವಿಷವಾದ ಆ ಮಣ್ಣಿನಲ್ಲಿಯೇ ಸುಖವಾಗಿ ಬದುಕುವ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಕೆಲವಕ್ಕೆ ಇನ್ನೂ ಯಾರೂ ಹೆಸರಿಟ್ಟಿರಲಾರರು. ಈ ವಿಷಯ ವಿಜ್ಞಾನಿಗಳಿಗೆ ಎಷ್ಟು ಸ್ವಾರಸ್ಯಕರವೋ ರೈತರಿಗೆ ಅಷ್ಟೇ ಹಣಕಾಸಿನ ವಿಷಯವೂ ಹೌದು. ಏಕೆಂದರೆ "ಉಪ್ಪು ತಿನ್ನುವ ಬ್ಯಾಕ್ಟೀರಿಯಾ" ಎಂಬ ಮಾತಿನೊಡನೆ ಬಾಟಲಿಗಳು ಹಳ್ಳಿಯವರೆಗೂ ಬರುತ್ತವೆ. ಹೊಸ ಬ್ಯಾಕ್ಟೀರಿಯಾ ಸಿಕ್ಕಿದೆ ಎಂಬ ವೈಜ್ಞಾನಿಕ ಸುದ್ದಿಗೂ ಚೌಳು ಹೋಗುತ್ತದೆ ಎಂಬ ಭರವಸೆಗೂ ನಡುವೆ ಇರುವ ಅಂತರವನ್ನು ತಿಳಿದಿದ್ದರೆ ಆ ಬಾಟಲಿಗೆ ಎಷ್ಟು ಬೆಲೆ ಕೊಡಬಹುದೆಂಬುದನ್ನು ನೀವೇ ನಿರ್ಧರಿಸಬಲ್ಲಿರಿ.

ಮೊದಲು ಮಣ್ಣಿನ ಗುರುತು

ಚೌಳು ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ತೊಂದರೆಗಳು ಅಡಗಿವೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಹೆಚ್ಚಿದ್ದು, ರಸಸಾರ 8.5ರ ಒಳಗಿದ್ದರೆ ಅದು ಲವಣಯುಕ್ತ ಮಣ್ಣು. ಉಪ್ಪು ಕರಗಿದ ರೂಪದಲ್ಲಿರುವುದರಿಂದ ಒಳ್ಳೆಯ ನೀರು ಮತ್ತು ಬಸಿಗಾಲುವೆ ಇದ್ದರೆ ತೊಳೆದು ಹೋಗುತ್ತದೆ. ರಸಸಾರ 8.5 ಮೀರಿ, ಮಣ್ಣಿನ ಜೇಡಿಕಣಗಳಿಗೆ ಅಂಟಿಕೊಂಡ ಸೋಡಿಯಂ ಶೇಕಡಾ 15ಕ್ಕಿಂತ ಹೆಚ್ಚಾಗಿದ್ದರೆ ಅದು ಕ್ಷಾರ ಮಣ್ಣು. ಇಲ್ಲಿ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ರಂಧ್ರಗಳನ್ನು ಮುಚ್ಚುತ್ತವೆ; ನೀರು ಇಂಗುವುದಿಲ್ಲ. ಮಣ್ಣಿನ ಸಾವಯವ ಅಂಶವೂ ಕ್ಷಾರದಲ್ಲಿ ಕರಗಿ ಮೇಲೆ ಬರುವುದರಿಂದ ಇಂತಹ ಕಡೆ ಪೊರೆ ಬಿಳಿಯಾಗಿರದೆ ಕಪ್ಪಾಗಿ ಎಣ್ಣೆ ಚೆಲ್ಲಿದಂತೆ ಕಾಣುವುದುಂಟು. ಎರಡೂ ಗುಣ ಸೇರಿದ ಮಣ್ಣೂ ಇದೆ. ದೇಶದಲ್ಲಿ ಇಂತಹ ಭೂಮಿ ಸುಮಾರು 67 ಲಕ್ಷ ಹೆಕ್ಟೇರ್ ಇದೆಯೆಂಬುದು ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಬಳಸುವ ಅಂಕಿ.

ನಾಲ್ಕು ತಾಲೂಕುಗಳ ಪರಿಸ್ಥಿತಿ ಒಂದೇ ತೆರನಾಗಿಲ್ಲ. ಮಲೆನಾಡಿನ ಅಂಚಿಗಿರುವ ಹಾನಗಲ್ಲಿನ ಪಶ್ಚಿಮ ಭಾಗದಲ್ಲಿ ಮಳೆಯೇ ಉಪ್ಪನ್ನು ತೊಳೆಯುತ್ತದೆ. ಅಲ್ಲಿ ಚೌಳು ಕಂಡರೆ ಕೆರೆಯ ಕೆಳಗೋ ಧರ್ಮಾ ಕಾಲುವೆಯ ಬಸಿ ನಿಲ್ಲುವ ಜಾಗದಲ್ಲೋ ಕಾಣಬೇಕು. ಪೂರ್ವಕ್ಕೆ, ಸವಣೂರಿನ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗಿ ಕಪ್ಪು ಭೂಮಿ ಹೆಚ್ಚುತ್ತದೆ. ನೀರಿನ ಗುಣ ಕೆಟ್ಟಿದ್ದರೆ ಪರಿಣಾಮ ಬೇಗ ತಿಳಿಯುತ್ತದೆ. ಹೊಸದಾಗಿ ಕಾಲುವೆ ಅಥವಾ ಏತ ನೀರಾವರಿಯ ನೀರು ಬಂದ ಕಡೆ, ಹಿರೇಕೆರೂರಾಗಲಿ ಶಿಗ್ಗಾವಿಯಾಗಲಿ, ಬಸಿಗಾಲುವೆಯ ಏರ್ಪಾಡಿಲ್ಲದೆ ನೀರು ಹಾಯಿಸುತ್ತಾ ಹೋದರೆ ತಗ್ಗಿನವರ ಹೊಲ ಜವುಳಾಗಿ, ಮುಂದೆ ಸವುಳಾಗುವ ಸಂಭವವಿದೆ. ಕೊಳವೆಬಾವಿಯ ನೀರಿನಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ಮೀರಿದ್ದರೆ ಆ ನೀರು ಒಳ್ಳೆಯ ಮಣ್ಣನ್ನೂ ಕ್ರಮೇಣ ಕ್ಷಾರವಾಗಿಸುತ್ತದೆ.

ಅಂತಹ ಕಡೆ ಬದುಕುವುದೆಂದರೆ

ಮೀಟರಿಗೆ 8 ಡೆಸಿಸೀಮನ್ಸ್ ವಾಹಕತೆಯಿರುವ ಮಣ್ಣಿನಲ್ಲಿ ಅವರೆ, ಹೆಸರು ಬೆಳೆಗಳ ಆಸೆಯನ್ನೇ ಬಿಡಬೇಕು. ಆದರೆ ಆ ಮಣ್ಣಿನ ಸಾರದಲ್ಲಿರುವ ಉಪ್ಪು ಲೀಟರಿಗೆ ಸುಮಾರು 5 ಗ್ರಾಂ ಮಾತ್ರ. ಸಮುದ್ರದ ನೀರಿನಲ್ಲಿ 35 ಗ್ರಾಂ ಇರುತ್ತದೆ. ಕುಮಟಾ ತಾಲೂಕಿನ ಸಾಣಿಕಟ್ಟೆಯಂತಹ ಉಪ್ಪಿನ ಆಗರಗಳಲ್ಲಿ ಹರಳುಗಟ್ಟುವ ಹಂತದ ನೀರಿನಲ್ಲಿ ಅದು 250 ಗ್ರಾಂ ದಾಟುತ್ತದೆ. ಅಂದರೆ ಬೆಳೆಯನ್ನು ಕೊಲ್ಲುವ ಉಪ್ಪು ಅನೇಕ ಬ್ಯಾಕ್ಟೀರಿಯಾಗಳ ಲೆಕ್ಕದಲ್ಲಿ ಅಲ್ಪ. ಚೌಳು ಹೊಲದಲ್ಲಿ ಅವುಗಳಿಗೆ ನಿಜವಾಗಿ ಕಷ್ಟವಾಗುವುದು ಕ್ಷಾರ, ಮತ್ತು ಮಣ್ಣು ಒಣಗಿದಂತೆ ಮೇಲ್ಪೊರೆಯಲ್ಲಿ ಉಪ್ಪು ಹಠಾತ್ತನೆ ಗಟ್ಟಿಯಾಗುವುದು.

ರಸಸಾರದ ಒಂದು ಅಂಕ ಏರಿದರೆ ಕ್ಷಾರತೆ ಹತ್ತು ಪಟ್ಟು ಏರಿದಂತೆ. 10ರ ರಸಸಾರದಲ್ಲಿ ಬಾಳುವ ಬ್ಯಾಕ್ಟೀರಿಯಾ ತನ್ನ ಒಡಲೊಳಗಿನ ರಸಸಾರವನ್ನು ಹೊರಗಿಗಿಂತ ಸುಮಾರು ಎರಡು ಅಂಕ ಕಡಿಮೆ ಇಟ್ಟುಕೊಳ್ಳುತ್ತದೆ. ಅದರ ಪೊರೆಯಲ್ಲಿ ಸಣ್ಣ ಪಂಪುಗಳಂತಹ ಪ್ರೋಟೀನುಗಳಿದ್ದು, ಒಳಗೆ ನುಗ್ಗಿದ ಸೋಡಿಯಂ ಅನ್ನು ಹೊರಕ್ಕೆ ದಬ್ಬಿ, ಪ್ರತಿಯಾಗಿ ಆಮ್ಲದ ಅಯಾನನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಉಪ್ಪಿನ ಹಸಿವಿಗೆ ತನ್ನ ನೀರು ಹೊರಗೆ ಹರಿದು ಹೋಗದಂತೆ ಎಕ್ಟೊಯಿನ್, ಗ್ಲೈಸಿನ್ ಬೀಟೇನ್ ಮುಂತಾದ ನಿರಪಾಯಕಾರಿ ವಸ್ತುಗಳನ್ನು ಒಳಗೆ ಕೂಡಿಡುತ್ತದೆ. ಎಕ್ಟೊಯಿನ್ ಮೊದಲು ತಿಳಿದುಬಂದದ್ದು 1985ರಲ್ಲಿ, ಇಂತಹದೇ ಉಪ್ಪು-ಕ್ಷಾರಪ್ರಿಯ ಬ್ಯಾಕ್ಟೀರಿಯಾವೊಂದರಲ್ಲಿ. ಸೋಡಿಯಂ ಅನ್ನು ಹೊರಗೆ ಹಾಕುವುದಕ್ಕೇ ಇವು ತಮ್ಮ ಶಕ್ತಿಯ ದೊಡ್ಡ ಪಾಲನ್ನು ವ್ಯಯಿಸುತ್ತವೆ ಎಂಬುದನ್ನು ನೆನಪಿನಲ್ಲಿಡಿ; "ಉಪ್ಪು ತಿನ್ನುತ್ತದೆ" ಎಂಬ ಮಾತಿನ ಬಳಿ ಬಂದಾಗ ಇದು ಬೇಕಾಗುತ್ತದೆ.

ಉಪ್ಪನ್ನು ಸಹಿಸುವುದು ಬೇರೆ, ಉಪ್ಪನ್ನು ಬಯಸುವುದು ಬೇರೆ. ಸಹಿಷ್ಣು ಬ್ಯಾಕ್ಟೀರಿಯಾ ಒಳ್ಳೆಯ ಮಣ್ಣಿನಲ್ಲಿಯೂ ಬೆಳೆಯುತ್ತದೆ. ಉಪ್ಪುಪ್ರಿಯವಾದದ್ದಕ್ಕೆ ಉಪ್ಪಿಲ್ಲದಿದ್ದರೆ ಬದುಕೇ ಇಲ್ಲ. ನಮ್ಮ ಹೊಲಗಳ ಚೌಳಿನಲ್ಲಿ ಹೆಚ್ಚಾಗಿ ನಿರೀಕ್ಷಿಸಬೇಕಾದದ್ದು ಸಹಿಷ್ಣು ಜಾತಿಯವನ್ನು. ಬೇಸಾಯಕ್ಕೆ ಒದಗುವವೂ ಅವೇ. ಏಕೆಂದರೆ ಮಳೆಗಾಲದಲ್ಲಿ ಉಪ್ಪು ಇಳಿದಾಗಲೂ ಅವು ಉಳಿದುಕೊಳ್ಳುತ್ತವೆ.

ಲೋಣಾರ್ ಸರೋವರದ ನಿದರ್ಶನ

ಹೊಸ ಬ್ಯಾಕ್ಟೀರಿಯಾವನ್ನು ಕಂಡುಹಿಡಿದು ಹೆಸರಿಡುವ ಕೆಲಸ ನಮ್ಮ ನೆರೆಯಲ್ಲಿ ಸ್ಪಷ್ಟವಾಗಿ ನಡೆದಿರುವುದು ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರದಲ್ಲಿ. ದಖನ್ನಿನ ಕಪ್ಪುಕಲ್ಲಿಗೆ ಉಲ್ಕೆ ಬಡಿದು ಉಂಟಾದ, ಸುಮಾರು 1.8 ಕಿಲೋಮೀಟರ್ ಅಗಲದ ಕುಳಿಯೊಳಗಿನ ಸರೋವರವಿದು. ನೀರು ಉಪ್ಪು; ರಸಸಾರ 10ರ ಆಸುಪಾಸು. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಸಿಸಿಎಂಬಿಯಲ್ಲಿ, ಎಸ್. ಶಿವಾಜಿ ಅವರ ತಂಡ ಈ ನೀರಿನ ಮಾದರಿಗಳಿಂದ ಹಲವು ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿತು. ಅವುಗಳಲ್ಲಿ ಒಂದಕ್ಕೆ 2010ರಲ್ಲಿ ಇಂಡಿಬ್ಯಾಕ್ಟರ್ ಆಲ್ಕಲಿಫಿಲಸ್ ಎಂದು ಹೆಸರಿಡಲಾಯಿತು. ಭಾರತದ ಕೋಲಾಣು, ಕ್ಷಾರಪ್ರಿಯವಾದದ್ದು ಎಂದರ್ಥ. ಅದೇ ವರ್ಷ ನೈಟ್ರಿಟೇಲಿಯಾ ಹ್ಯಾಲಾಲ್ಕಲಿಫಿಲಾ, 2012ರಲ್ಲಿ ಸೆಸೆಂಬಿಯಾ ಲೋನಾರೆನ್ಸಿಸ್ ಬಂದವು. "ಸೆಸೆಂಬಿಯಾ" ಎಂಬುದು ಸಿಸಿಎಂಬಿ ಎಂಬ ಅಕ್ಷರಗಳನ್ನೇ ಜೋಡಿಸಿ ಮಾಡಿದ ಹೆಸರು. "ಎನ್ಸಿಸ್" ಎಂದರೆ ಆ ಊರಿನದು. ನಾಳೆ ಹಾನಗಲ್ಲಿನ ಚೌಳಿನಲ್ಲಿ ಹೊಸದೊಂದು ಸಿಕ್ಕರೆ ಅದು "ಹಾನಗಲೆನ್ಸಿಸ್" ಆಗಲು ಯಾವ ಅಡ್ಡಿಯೂ ಇಲ್ಲ.

ಈ ಮೂರೂ ಕೇವಲ ಹೊಸ ಪ್ರಭೇದಗಳಲ್ಲ. ಮೂರೂ ಹೊಸ ಕುಲಗಳು. ಸಸ್ಯಗಳ ಹೋಲಿಕೆಯಲ್ಲಿ ಹೇಳುವುದಾದರೆ ಹೊಸ ಭತ್ತ ಸಿಕ್ಕಿದಂತಲ್ಲ, ಭತ್ತವೂ ಅಲ್ಲದ ಗೋಧಿಯೂ ಅಲ್ಲದ ಬೇರೊಂದು ಧಾನ್ಯವೇ ಸಿಕ್ಕಿದಂತೆ. ಇದೇ ಸರೋವರ 2020ರ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ಪರೀಕ್ಷಿಸಿ, ಉಪ್ಪುಪ್ರಿಯ ಆರ್ಕಿಯಾಗಳ ಬಣ್ಣವೇ ಕಾರಣವೆಂದು ತಿಳಿಸಿತು. ಆರ್ಕಿಯಾಗಳು ನೋಟಕ್ಕೆ ಬ್ಯಾಕ್ಟೀರಿಯಾಗಳಂತಿದ್ದರೂ ವಂಶದಲ್ಲಿ ಪ್ರತ್ಯೇಕ ಗುಂಪಿನವು.

ಮಣ್ಣಿನಿಂದ ಬಾಟಲಿಯವರೆಗೆ

ಪ್ರಯೋಗಾಲಯದ ಕೆಲಸ ಕೇಳಲು ಸರಳ, ಮಾಡಲು ತಾಳ್ಮೆಯದು. ಹತ್ತು ಗ್ರಾಂ ಮಣ್ಣನ್ನು 90 ಮಿಲಿಲೀಟರ್ ಶುದ್ಧೀಕರಿಸಿದ ಉಪ್ಪು ನೀರಿನಲ್ಲಿ ಕಲಕುತ್ತಾರೆ. ಅದರಿಂದ ಒಂದು ಭಾಗ ತೆಗೆದು ಒಂಬತ್ತು ಭಾಗ ನೀರಿಗೆ, ಅದರಿಂದ ಮತ್ತೆ ಒಂದು ಭಾಗ ಮುಂದಿನದಕ್ಕೆ, ಹೀಗೆ ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತಾರೆ. ಕೊನೆಯ ಹನಿಗಳನ್ನು ಆಹಾರ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಹರಡಿದರೆ ಕೆಲವು ದಿನಗಳಲ್ಲಿ ಒಂದೊಂದು ಕೋಶವೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ.

ಇದರ ಗುಟ್ಟಿರುವುದು ತಟ್ಟೆಯ ಆಹಾರದಲ್ಲಿ. ಸಾಮಾನ್ಯ ಅಗಾರಿನ ರಸಸಾರ 7ರ ಹತ್ತಿರವಿರುತ್ತದೆ. ನಿಜವಾದ ಕ್ಷಾರಪ್ರಿಯ ಅಲ್ಲಿ ಬೆಳೆಯುವುದೇ ಇಲ್ಲ. ಹೀಗಾಗಿ ಬಹುಕಾಲ ಇವು ಹುಡುಕುವವರ ಕಣ್ಣಿಗೆ ಬೀಳಲಿಲ್ಲ. ಜಪಾನಿನ ಕೋಕಿ ಹೊರಿಕೋಶಿ 1960ರ ದಶಕದ ಕೊನೆಯಲ್ಲಿ ಆಹಾರಕ್ಕೆ ಶೇಕಡಾ 1ರಷ್ಟು ಸೋಡಿಯಂ ಕಾರ್ಬೊನೇಟ್ ಸೇರಿಸಿ ರಸಸಾರವನ್ನು 10ಕ್ಕೆ ಏರಿಸಿದರು. ಸಾಮಾನ್ಯ ತೋಟದ ಮಣ್ಣಿನಿಂದಲೂ ಕ್ಷಾರಪ್ರಿಯ ಬ್ಯಾಕ್ಟೀರಿಯಾಗಳು ಎದ್ದು ಬಂದವು. ಸೋಡಾವನ್ನು ಬೇರೆಯಾಗಿಯೇ ಶುದ್ಧೀಕರಿಸಿ ಆಮೇಲೆ ಬೆರೆಸಬೇಕು; ಸಕ್ಕರೆಯೊಡನೆ ಒಟ್ಟಿಗೆ ಕುದಿಸಿದರೆ ಆಹಾರ ಕಂದು ಬಣ್ಣಕ್ಕೆ ತಿರುಗಿ ಕೆಡುತ್ತದೆ.

ಹೊರಿಕೋಶಿ ಪಡೆದ ಬ್ಯಾಕ್ಟೀರಿಯಾಗಳ ಕಿಣ್ವಗಳು ಮತ್ತು ಅವುಗಳ ಬಂಧುಗಳು ಇಂದು ಬಟ್ಟೆ ಒಗೆಯುವ ಪುಡಿಗಳಲ್ಲಿವೆ. ಇಲ್ಲೊಂದು ಮಾತು ನೆನಪಿಗೆ ಬರುತ್ತದೆ. ಸಾಬೂನು ಬರುವ ಮೊದಲು ನಮ್ಮ ಮಡಿವಾಳರು ಬಟ್ಟೆ ಒಗೆಯುತ್ತಿದ್ದದ್ದು ಇದೇ ಚೌಳು ಮಣ್ಣಿನಿಂದ. ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಚೌಳಿನ ಸೋಡಾದಿಂದ ಗಾಜು ಕರಗಿಸಿ ಬಳೆ ಮಾಡುತ್ತಿದ್ದುದನ್ನು 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಬರೆದಿಟ್ಟಿದ್ದಾನೆ. ಚೌಳು ಕೇವಲ ಶಾಪವೆಂದು ಹಿಂದಿನವರು ತಿಳಿದಿರಲಿಲ್ಲ.

ಚುಕ್ಕೆಯೊಂದನ್ನು ಎತ್ತಿ ಮತ್ತೆ ಮತ್ತೆ ಗೀರಿ ಬೆಳೆಸಿ, ಒಂದೇ ಬಗೆಯ ಕೋಶಗಳು ಉಳಿದವೆಂದು ಖಚಿತವಾದ ಬಳಿಕ ಅದನ್ನು ಗ್ಲಿಸರಿನ್‌ನಲ್ಲಿ ಬೆರೆಸಿ ಶೂನ್ಯಕ್ಕಿಂತ 80 ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಯ್ದಿಡುತ್ತಾರೆ. ಇದಕ್ಕೆ ತಳಿ ಎನ್ನುತ್ತಾರೆ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಹೀಗೆ ತಟ್ಟೆಯ ಮೇಲೆ ಬೆಳೆಯಲು ಒಪ್ಪುವವು ಸ್ವಲ್ಪವೇ ಎಂಬುದೂ ಸತ್ಯ.

ಹೊಸದೆಂದು ಹೇಳುವುದು ಯಾವಾಗ

ಕೋಲಿನಂತಿದೆ, ಗುಂಡಗಿದೆ, ಹಳದಿ ಚುಕ್ಕೆ, ಕೆಂಪು ಚುಕ್ಕೆ ಎಂಬ ಲಕ್ಷಣಗಳಿಂದ ಹೊಸತು ಹಳತು ತೀರ್ಮಾನವಾಗುವುದಿಲ್ಲ. ಎಲ್ಲ ಬ್ಯಾಕ್ಟೀರಿಯಾಗಳಲ್ಲಿಯೂ ಇರುವ 16ಎಸ್ ಎಂಬ ವಂಶವಾಹಿಯನ್ನು ಮೊದಲು ಓದುತ್ತಾರೆ. ಅದರಲ್ಲಿ ಸುಮಾರು 1,500 ಅಕ್ಷರಗಳಿರುತ್ತವೆ. ಹೆಸರಿರುವ ಯಾವ ಪ್ರಭೇದದೊಡನೆ ಹೋಲಿಸಿದರೂ ಹೋಲಿಕೆ ಶೇಕಡಾ 98.65ಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದವಿರಬಹುದೆಂಬ ಸಂಶಯಕ್ಕೆ ಆಧಾರ ಸಿಗುತ್ತದೆ. ಹೆಚ್ಚಿದ್ದರೂ ಹೊಸದಾಗಿರಬಾರದೆಂದೇನಿಲ್ಲ. ಹೀಗಾಗಿ ಪೂರ್ಣ ಜೀನೋಮನ್ನು ಓದಿ ಹತ್ತಿರದ ಬಂಧುವಿನ ಜೀನೋಮಿನೊಡನೆ ತಾಳೆ ನೋಡುತ್ತಾರೆ. ಸರಾಸರಿ ಹೋಲಿಕೆ ಶೇಕಡಾ 95-96ರ ಗೆರೆಗಿಂತ ಕೆಳಗಿದ್ದರೆ ಬೇರೆ ಪ್ರಭೇದ. ಇದರ ಜೊತೆಗೆ ಪೊರೆಯ ಕೊಬ್ಬಿನಾಮ್ಲಗಳು, ಎಷ್ಟು ಉಪ್ಪಿನಲ್ಲಿ, ಯಾವ ರಸಸಾರದಲ್ಲಿ, ಯಾವ ಉಷ್ಣತೆಯಲ್ಲಿ ಬೆಳೆಯುತ್ತದೆ, ಏನನ್ನು ಜೀರ್ಣಿಸಿಕೊಳ್ಳುತ್ತದೆ, ಇವೆಲ್ಲವನ್ನೂ ಬಂಧುಗಳ ಪಕ್ಕದಲ್ಲಿಯೇ ಬೆಳೆಸಿ ಅಳೆಯಬೇಕು.

ಅಷ್ಟಾದರೂ ಹೆಸರು ಸಿಂಧುವಾಗದು. ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯ ಪ್ರಕಾರ ಮಾದರಿ ತಳಿಯನ್ನು ಕನಿಷ್ಠ ಎರಡು ದೇಶಗಳ ಎರಡು ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಇರಿಸಬೇಕು. ಬೇರೆ ಯಾರಾದರೂ ತರಿಸಿಕೊಂಡು ಪರೀಕ್ಷಿಸುವಂತಿರಬೇಕು. ವಿವರಣೆ ನಿಗದಿಯಾದ ನಿಯತಕಾಲಿಕೆಯಲ್ಲಿ ಅಥವಾ ಅದರ ಮಾನ್ಯತಾ ಪಟ್ಟಿಯಲ್ಲಿ ಪ್ರಕಟವಾಗಬೇಕು. ಬ್ಯಾಕ್ಟೀರಿಯಾಗಳ ಹೆಸರುಗಳಿಗೆ 1980ರ ಜನವರಿ 1 ಹೊಸ ಲೆಕ್ಕದ ಆರಂಭದ ದಿನ; ಅಂದು ಅಂಗೀಕೃತವಾದ ಪಟ್ಟಿಯಿಂದ ಮುಂದಕ್ಕೆ ಎಣಿಕೆ. ಈವರೆಗೆ ಸಿಂಧುವಾದ ಪ್ರಭೇದಗಳು ಇಪ್ಪತ್ತು ಸಾವಿರವನ್ನು ದಾಟಿವೆ.

ನಮ್ಮ ದೇಶದಲ್ಲಿ ಇನ್ನೊಂದು ಕಟ್ಟಳೆಯೂ ಇದೆ. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಹೊಸದಾಗಿ ಕಂಡುಬಂದ ಜೀವಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಸೂಕ್ಷ್ಮಜೀವಿಗಳಿಗೆ ಚಂಡೀಗಢ, ಪುಣೆ ಹಾಗೂ ಉತ್ತರ ಪ್ರದೇಶದ ಮವು ಎಂಬಲ್ಲಿ ಅಂತಹ ಭಂಡಾರಗಳಿವೆ. ಇದೇ ಕಾಯಿದೆಯಡಿ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ. ನಿಮ್ಮ ಹೊಲದ ಮಣ್ಣಿನಿಂದ ವಾಣಿಜ್ಯ ಉಪಯೋಗಕ್ಕಾಗಿ ಜೀವಿಯನ್ನು ಒಯ್ಯುವವರು ಬಂದರೆ ಯಾವ ಸಂಸ್ಥೆ, ಯಾವ ಅನುಮತಿ ಎಂದು ಕೇಳುವುದು ಅನುಚಿತವಲ್ಲ. ಊರ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಮರ, ಮೀನು, ದನಗಳ ತಳಿಗಳನ್ನು ಬರೆಯುವಾಗ ಚೌಳಿನ ಜಾಗಗಳನ್ನೂ ಗುರುತಿಸಿಡುವಂತೆ ವಿಸ್ತರಣಾ ಕಾರ್ಯಕರ್ತರು ಸೂಚಿಸಬಹುದು.

ಹೆಸರು ಬದಲಾದರೆ ಗಾಬರಿ ಬೇಡ

ಜೀನೋಮ್ ಓದುವುದು ಸುಲಭವಾದಂತೆ ಹಳೆಯ ಹೆಸರುಗಳೂ ಬದಲಾಗುತ್ತಿವೆ. 1934ರಲ್ಲಿ ಹೆಸರು ಪಡೆದ ಕ್ಷಾರಪ್ರಿಯ ಬ್ಯಾಸಿಲಸ್ ಆಲ್ಕಲೋಫಿಲಸ್ 2020ರಲ್ಲಿ ಆಲ್ಕಲಿಹ್ಯಾಲೊಬ್ಯಾಸಿಲಸ್ ಎಂಬ ಹೊಸ ಕುಲಕ್ಕೆ ಸೇರಿತು. ರೈತರಿಗೆ ನೇರವಾಗಿ ತಟ್ಟುವ ಬದಲಾವಣೆ ಮತ್ತೊಂದಿದೆ. ರಂಜಕ ಕರಗಿಸುವ ಜೈವಿಕ ಗೊಬ್ಬರಗಳಲ್ಲಿ ಪರಿಚಿತವಾದ ಬ್ಯಾಸಿಲಸ್ ಮೆಗಾಟೀರಿಯಂ ಕೂಡ ಅದೇ ವರ್ಷ ಪ್ರೀಸ್ಟಿಯಾ ಮೆಗಾಟೀರಿಯಂ ಆಯಿತು. ಒಂದು ಪೊಟ್ಟಣದ ಮೇಲೆ ಹಳೆಯ ಹೆಸರು, ಇನ್ನೊಂದರ ಮೇಲೆ ಹೊಸ ಹೆಸರು ಇದ್ದರೆ ಎರಡೂ ಒಂದೇ ಜೀವಿ. ಹೊಸ ಹೆಸರಿನ ನೆಪದಲ್ಲಿ ಹೆಚ್ಚು ಬೆಲೆ ಕೇಳಿದರೆ ಕೊಡಬೇಕಾಗಿಲ್ಲ.

ಉಪ್ಪು ತಿನ್ನುವ ಬ್ಯಾಕ್ಟೀರಿಯಾ ಉಂಟೇ?

ಇಲ್ಲ. ಇದನ್ನು ಲೆಕ್ಕದಿಂದಲೇ ನೋಡೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 8.5 ಲಕ್ಷ ಕಿಲೋಗ್ರಾಂ. ಆ ಮಣ್ಣಿನ ಪ್ರತಿ 100 ಗ್ರಾಂನಲ್ಲಿ ಕಣಗಳಿಗೆ ಅಂಟಿಕೊಂಡ ಸೋಡಿಯಂ ಒಂದೇ ಒಂದು ಮಿಲಿ ಈಕ್ವಿವಲೆಂಟ್ ಹೆಚ್ಚಿಗೆ ಇದೆಯೆಂದುಕೊಳ್ಳಿ. ಎಕರೆಗೆ ಅದು ಸುಮಾರು 200 ಕಿಲೋಗ್ರಾಂ ಸೋಡಿಯಂ ಆಗುತ್ತದೆ. ಇನ್ನು ಬಾಟಲಿಯ ಕಡೆ ಬನ್ನಿ. ದ್ರವರೂಪದ ಜೈವಿಕ ಗೊಬ್ಬರದ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕೆಂಬುದು ನಿಯಮ. ಲೀಟರಿಗೆ ಹತ್ತು ಸಾವಿರ ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಅಷ್ಟೂ ಕೋಶಗಳನ್ನು ಸೇರಿಸಿ ತೂಗಿದರೆ ಸುಮಾರು ಒಂದು ಗ್ರಾಂನ ಹತ್ತನೆಯ ಒಂದು ಭಾಗ. ಹೊಲದಲ್ಲಿ ಅವು ಸಾವಿರ ಪಟ್ಟು ಹೆಚ್ಚಿದರೂ 100 ಗ್ರಾಂ. 200 ಕಿಲೋ ಸೋಡಿಯಂ ಅನ್ನು 100 ಗ್ರಾಂ ಜೀವಿಗಳು ನುಂಗಿ ಮುಗಿಸುವುದೆಂತು?

ಇದಲ್ಲದೆ, ಮೇಲೆ ಹೇಳಿದಂತೆ, ಇವು ಸೋಡಿಯಂ ಅನ್ನು ಒಳಗಿಟ್ಟುಕೊಳ್ಳುವುದಿಲ್ಲ, ಹೊರಗೆ ದಬ್ಬುತ್ತವೆ. ಒಂದಿಷ್ಟು ಒಳಗಿದ್ದರೂ ಕೋಶ ಸತ್ತಾಗ ಅದು ಮಣ್ಣಿಗೇ ಮರಳುತ್ತದೆ. ಸೋಡಿಯಂ ಕರಗಿ ನಾಶವಾಗುವ ವಸ್ತುವಲ್ಲ. ಹೊಲದಿಂದ ಅದು ಹೋಗಬೇಕಾದರೆ ನೀರಿನೊಡನೆ ಹರಿದೇ ಹೋಗಬೇಕು. ಕಣಗಳಿಂದ ಅದನ್ನು ಬಿಡಿಸಲು ಸುಣ್ಣಾಂಶ ಬೇಕು, ಬಿಡಿಸಿದ್ದನ್ನು ಇಳಿಸಲು ನೀರು ಬೇಕು, ಇಳಿದದ್ದು ಹೋಗಲು ಬಸಿಗಾಲುವೆ ಬೇಕು. ಮೇಲಿನ ಲೆಕ್ಕದ ಆ ಒಂದು ಮಿಲಿ ಈಕ್ವಿವಲೆಂಟ್‌ಗೆ ಎಕರೆಗೆ ಸುಮಾರು 730 ಕಿಲೋಗ್ರಾಂ ಶುದ್ಧ ಜಿಪ್ಸಂ ಬೇಕಾಗುತ್ತದೆ. ನಿಮ್ಮ ಹೊಲಕ್ಕೆ ನಿಜವಾಗಿ ಎಷ್ಟು ಬೇಕೆಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ಬರಿಯ ಲವಣಯುಕ್ತ ಮಣ್ಣಿಗೆ ಜಿಪ್ಸಂ ಹಾಕುವುದು ಹಣ ಚೆಲ್ಲಿದಂತೆ. ಅಲ್ಲಿ ತೊಳೆಯುವುದೇ ಮದ್ದು.

ಹಾಗಾದರೆ ಇವುಗಳಿಂದ ಪ್ರಯೋಜನವಿಲ್ಲವೇ

ಇದೆ, ಆದರೆ ಅದು ಮಣ್ಣಿನ ಉಪ್ಪಿಗಿಂತ ಹೆಚ್ಚಾಗಿ ಬೆಳೆಯ ಬೇರಿಗೆ ಸಂಬಂಧಿಸಿದ್ದು. ಉಪ್ಪಿನ ಒತ್ತಡದಲ್ಲಿ ಸಸ್ಯ ಎಥಿಲೀನ್ ಅನಿಲವನ್ನು ಹೆಚ್ಚಾಗಿ ಉತ್ಪಾದಿಸಿ ತನ್ನ ಬೇರಿನ ಬೆಳವಣಿಗೆಯನ್ನು ತಾನೇ ತಡೆದುಕೊಳ್ಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಆ ಅನಿಲದ ಮೂಲವಸ್ತುವನ್ನು ಒಡೆದು ಬೇರಿಗೆ ಬಿಡುವು ಕೊಡುತ್ತವೆ. ಕೆಲವು ಅಂಟು ಸ್ರವಿಸಿ ಬೇರಿನ ಸುತ್ತ ಮಣ್ಣನ್ನು ಹಿಡಿದಿಡುತ್ತವೆ. ಒಳ್ಳೆಯ ಮಣ್ಣಿಗೆಂದು ತಯಾರಿಸಿದ ಅಜೋಸ್ಪಿರಿಲಂ ಚೌಳಿನಲ್ಲಿ ಬಾಳದೆ ಹೋಗುವ ಸಂಭವ ಹೆಚ್ಚಿರುವುದರಿಂದ ಅಲ್ಲಿಗೆ ಹೊಂದುವ ತಳಿಗಳೇ ಬೇಕು. ಇಂತಹ ತಳಿ ಇರಬಲ್ಲದೆಂದು 1987ರಲ್ಲಿಯೇ ಸಾಬೀತಾಗಿದೆ. ಪಾಕಿಸ್ತಾನದ ಪಂಜಾಬಿನ ಉಪ್ಪು-ಕ್ಷಾರ ಭೂಮಿಯಲ್ಲಿ ಬೆಳೆದ ಕಲ್ಲರ್ ಹುಲ್ಲಿನ ಬೇರಿನಿಂದ ಸಾರಜನಕ ಸ್ಥಿರೀಕರಿಸುವ ಹೊಸ ಪ್ರಭೇದವೊಂದು ದೊರೆತು, ಅಜೋಸ್ಪಿರಿಲಂ ಹ್ಯಾಲೊಪ್ರೆಫೆರೆನ್ಸ್ ಎಂಬ ಹೆಸರು ಪಡೆಯಿತು. ಉಪ್ಪನ್ನೇ ಮೆಚ್ಚುವ ಅಜೋಸ್ಪಿರಿಲಂ ಎಂದರ್ಥ. ಆ ಹುಲ್ಲು ನಮ್ಮಲ್ಲಿ ಕರ್ನಾಲ್ ಹುಲ್ಲೆಂದು ಪರಿಚಿತ. 2008ರಲ್ಲಿ ಮಂಗೋಲಿಯದ ಸೋಡಾ ಮಣ್ಣಿನಿಂದ ಸೊರೊಕಿನ್ ಮತ್ತು ಸಂಗಡಿಗರು ಬ್ಯಾಸಿಲಸ್ ಆಲ್ಕಲಿಡಯಾಜೊಟ್ರೋಫಿಕಸ್ ಎಂಬುದನ್ನು ವರ್ಣಿಸಿದರು. ಗಾಳಿ ಸಿಗದ ಸ್ಥಿತಿಯಲ್ಲಿ, ತೀವ್ರ ಕ್ಷಾರದಲ್ಲಿಯೂ ಅದು ಸಾರಜನಕವನ್ನು ಸ್ಥಿರೀಕರಿಸುತ್ತದೆ. ಸ್ವಲ್ಪ ಕಾಲದಲ್ಲಿಯೇ ಅದರ ಕುಲವೂ ಬದಲಾಯಿತೆಂಬುದು ಬೇರೆ ಮಾತು.

ನಮ್ಮ ದೇಶದಲ್ಲಿ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಲಖನೌ ಪ್ರಾದೇಶಿಕ ಕೇಂದ್ರವು ಕ್ಷಾರ ಮಣ್ಣಿಗೆ ಹೊಂದುವ ಹ್ಯಾಲೊ-ಅಜೋ, ಹ್ಯಾಲೊ-ಪಿಎಸ್‌ಬಿ, ಸಿಎಸ್‌ಆರ್-ಬಯೋ ಎಂಬ ಸಿದ್ಧಪಡಿಕೆಗಳನ್ನು ರೂಪಿಸಿದೆ. ಅವೂ ಜಿಪ್ಸಮ್ಮಿಗೆ ಬದಲಿಯಲ್ಲ. ಗಂಗಾ ಬಯಲಿನ ಮಣ್ಣಿನಲ್ಲಿ ಪಳಗಿದ ತಳಿ ನಮ್ಮ ಸುಣ್ಣದ ಗಂಟುಗಳಿರುವ ಕಪ್ಪು ಭೂಮಿಯಲ್ಲಿ ಅದೇ ಫಲ ಕೊಡಬೇಕೆಂದಿಲ್ಲ. ನಮ್ಮ ತಾಲೂಕುಗಳ ಚೌಳಿನಿಂದಲೇ ತಳಿಗಳನ್ನು ಹುಡುಕುವುದಕ್ಕೆ ಇರುವ ಮುಖ್ಯ ಕಾರಣ ಇದೇ. ಆ ತಳಿ ಹೊಸ ಪ್ರಭೇದವಾಗಿರಬೇಕಾಗಿಯೂ ಇಲ್ಲ. ಹಳೆಯ ಹೆಸರಿನ ಸ್ಥಳೀಯ ತಳಿಯೇ ರೈತನಿಗೆ ಹೆಚ್ಚು ಒದಗಬಹುದು.

ಸುಣ್ಣದ ಗಂಟುಗಳ ವಿಷಯ ಬಂದದ್ದರಿಂದ ಬ್ಯಾಕ್ಟೀರಿಯಾಗಳು ಮಣ್ಣಿನ ಸುಧಾರಣೆಗೆ ನೆರವಾಗುವ ಒಂದು ದಾರಿಯನ್ನೂ ಹೇಳಬೇಕು. ಡಯಾಂಚ ಅಥವಾ ಸೆಣಬನ್ನು ಹೂ ಬಿಡುವ ಮೊದಲು ಮಣ್ಣಿಗೆ ಸೇರಿಸಿದಾಗ ಅದನ್ನು ಕೊಳೆಸುವ ಜೀವಿಗಳು ಇಂಗಾಲಾಮ್ಲ ಅನಿಲವನ್ನೂ ಸಾವಯವ ಆಮ್ಲಗಳನ್ನೂ ಬಿಡುತ್ತವೆ. ಅವು ಮಣ್ಣಿನಲ್ಲಿ ಕರಗದೆ ಕೂತಿರುವ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತವೆ. ಆಗ ಹೊರಬಂದ ಕ್ಯಾಲ್ಸಿಯಂ ಸೋಡಿಯಮ್ಮಿನ ಜಾಗ ಹಿಡಿಯುತ್ತದೆ. ಇದು ನಿಧಾನದ ಕೆಲಸ, ಬಸಿಗಾಲುವೆ ಇಲ್ಲಿಯೂ ಬೇಕು. ಆದರೆ ಇದಕ್ಕೆ ಬಾಟಲಿ ಕೊಳ್ಳಬೇಕಾಗಿಲ್ಲ. ಕೊಳೆಸುವ ಜೀವಿಗಳು ನಿಮ್ಮ ಮಣ್ಣಿನಲ್ಲಿಯೇ ಇವೆ, ಅವುಗಳಿಗೆ ಬೇಕಾದದ್ದು ಮೇವು.

ಜೈವಿಕ ಗೊಬ್ಬರ ಕೊಳ್ಳುವಾಗ ಚೀಟಿಯ ಮೇಲೆ ಜೀವಿಯ ಪೂರ್ಣ ಹೆಸರು, ಜೀವಂತ ಕೋಶಗಳ ಸಂಖ್ಯೆ, ತಂಡದ ಸಂಖ್ಯೆ, ತಯಾರಾದ ದಿನ ಮತ್ತು ಅವಧಿ ಮುಗಿಯುವ ದಿನ ಇವೆಯೇ ನೋಡಿ. ಜೈವಿಕ ಗೊಬ್ಬರಗಳು 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಯಲ್ಲಿವೆ. "ವಿಶೇಷ ಸೂಕ್ಷ್ಮಜೀವಿಗಳು" ಎಂದಷ್ಟೇ ಬರೆದು ಹೆಸರು ಹೇಳದ ಬಾಟಲಿ ಎಷ್ಟೇ ಸುಂದರವಾಗಿದ್ದರೂ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ಮಾದರಿ ತೆಗೆಯುವ ಬಗೆ

ರಾಸಾಯನಿಕ ಪರೀಕ್ಷೆಗೆ ತೆಗೆಯುವ ಮಣ್ಣನ್ನು ನೆರಳಿನಲ್ಲಿ ಒಣಗಿಸುತ್ತೇವೆ. ಬ್ಯಾಕ್ಟೀರಿಯಾ ಹುಡುಕಾಟಕ್ಕೆ ಕೊಡುವ ಮಣ್ಣನ್ನು ಒಣಗಿಸಬಾರದು, ಬಿಸಿಲಿಗೆ ಇಡಬಾರದು, ಫ್ರೀಜರಿನಲ್ಲೂ ಹಾಕಬಾರದು. ಇವೆರಡನ್ನೂ ಬೇರೆ ಬೇರೆ ಚೀಲದಲ್ಲಿ, ಆದರೆ ಒಂದೇ ಗುಳಿಯಿಂದ ತೆಗೆಯಿರಿ. ರಸಸಾರ, ವಾಹಕತೆ ತಿಳಿಯದಿದ್ದರೆ ಸಿಕ್ಕ ಬ್ಯಾಕ್ಟೀರಿಯಾ ಎಂತಹ ಮಣ್ಣಿನದೆಂದು ಹೇಳಲಾಗುವುದಿಲ್ಲ. ಸಲಿಕೆಯನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಟ್ಟು ಉಪಯೋಗಿಸಿ. ಬಿಳಿ ಪೊರೆಯನ್ನು ಒಂದು ಚೀಲಕ್ಕೆ, ಅದರ ಕೆಳಗಿನ 15 ಸೆಂಟಿಮೀಟರ್ ಮಣ್ಣನ್ನು ಇನ್ನೊಂದಕ್ಕೆ ಹಾಕಿ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಮೂರನೆಯ ಚೀಲ. ಬೆಳೆ ಸತ್ತ ಆ ತುಂಡಿನಲ್ಲಿಯೂ ಹಸಿರಾಗಿ ನಿಂತ ಹುಲ್ಲೋ ಕಳೆಯೋ ಇದ್ದರೆ ಅದನ್ನು ಬೇರು ಸಮೇತ, ಬೇರಿಗಂಟಿದ ಮಣ್ಣು ಉದುರದಂತೆ ಎತ್ತಿ ಇಡಿ. ಕಲ್ಲರ್ ಹುಲ್ಲಿನ ಅಜೋಸ್ಪಿರಿಲಂ ಸಿಕ್ಕದ್ದು ಅಂತಹ ಬೇರಿನಿಂದಲೇ.

ಚೀಲದ ಮೇಲೆ ಊರು, ಸರ್ವೆ ನಂಬರು, ದಿನಾಂಕ, ನೀರಿನ ಮೂಲ, ಹಿಂದಿನ ಎರಡು ಬೆಳೆ, ಜಿಪ್ಸಂ ಹಾಕಿದ್ದರೆ ಯಾವ ವರ್ಷ ಎಂಬುದನ್ನು ಪೆನ್ಸಿಲ್ಲಿನಿಂದ ಬರೆದ ಚೀಟಿ ಕಟ್ಟಿ. ಶಾಯಿ ತೇವಕ್ಕೆ ಅಳಿಸಿ ಹೋಗುತ್ತದೆ. ತಂಪಾದ ಡಬ್ಬಿಯಲ್ಲಿಟ್ಟು ಅದೇ ದಿನ ಅಥವಾ ಮರುದಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಸೂಕ್ಷ್ಮಜೀವಿ ವಿಜ್ಞಾನ ವಿಭಾಗಕ್ಕೆ ತಲುಪಿಸಬಹುದು. ಹೊರಡುವ ಮುನ್ನ ಅಲ್ಲಿನ ತಜ್ಞರನ್ನು ವಿಚಾರಿಸಿಕೊಳ್ಳಿ. ಏಪ್ರಿಲ್-ಮೇ ತಿಂಗಳಲ್ಲಿ ಪೊರೆ ದಪ್ಪವಾಗಿರುವಾಗ ಒಮ್ಮೆ, ಮುಂಗಾರು ಹಿಡಿದು ಒಂದು ತಿಂಗಳಾದ ಮೇಲೆ ಅದೇ ಗುಳಿಯ ಪಕ್ಕದಲ್ಲಿ ಇನ್ನೊಮ್ಮೆ ಮಾದರಿ ತೆಗೆದರೆ ಎರಡು ಕಾಲದಲ್ಲಿಯೂ ಉಳಿದುಕೊಂಡ ಬ್ಯಾಕ್ಟೀರಿಯಾ ಯಾವುದೆಂಬುದು ತಿಳಿಯುತ್ತದೆ.